ವೆಬ್‌ಸೈಟ್ ಚೆನ್ನಾಗಿದೆ, ಫೋನೇ ಬರಲ್ಲ

ಪ್ರಶ್ನೆ: ಕೆಂಗೇರಿಯಲ್ಲಿ ನಮ್ಮದು ಚಿಕ್ಕ ರಿಯಲ್ ಎಸ್ಟೇಟ್ ಆಫೀಸು. ಸೈಟು, ಹಳೆ ಮನೆ, ರೀಸೇಲ್ ಫ್ಲ್ಯಾಟು, ಬಾಡಿಗೆ ಮನೆ ಎಲ್ಲ ನೋಡುತ್ತೇವೆ. ನಾನು, ನನ್ನ ತಮ್ಮ, ಜೊತೆಗೊಬ್ಬ ಹುಡುಗ, ಇಷ್ಟೇ ಜನ. ಕಳೆದ ವರ್ಷ ದುಡ್ಡು ಖರ್ಚು ಮಾಡಿ ವೆಬ್‌ಸೈಟ್ ಮಾಡಿಸಿದೆವು. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ, ಆದರೆ ಅದರಿಂದ ಫೋನ್ ಬರುವುದು ಅಪರೂಪ. ಬಂದರೂ ಸುಮ್ನೆ ರೇಟ್ ಕೇಳಿ ಇಟ್ಟುಬಿಡುತ್ತಾರೆ. ಈಗ ಮಾಡಿಕೊಟ್ಟವರು ಆ್ಯಪ್ ಮಾಡಿಸಿ, ಇಲ್ಲದಿದ್ದರೆ ಎಐ ಚಾಟ್‌ಬಾಟ್ ಹಾಕಿಸಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಆ್ಯಪೂ ಬೇಡ, ಚಾಟ್‌ಬಾಟೂ ಬೇಡ. ಕಾರಣ ಕೊನೆಗೆ ಹೇಳುತ್ತೇನೆ.

ನೀವು ಕಳಿಸಿದ ಲಿಂಕನ್ನು ಮೊಬೈಲಿನಲ್ಲೇ ತೆರೆದು ನೋಡಿದೆ, ಯಾಕೆಂದರೆ ನಿಮ್ಮ ಪಾರ್ಟಿಗಳು ನೋಡುವುದೂ ಅದರಲ್ಲೇ. ಮೊದಲು ಡ್ರೋನ್ ವಿಡಿಯೋ ಒಂದು ಸುತ್ತು ಸುತ್ತಿತು. ಅದರ ಮೇಲೆ ‘ನಿಮ್ಮ ಕನಸಿನ ಮನೆ ಇಲ್ಲಿದೆ’ ಅಂತ ಬರಹ. ಕೆಳಗೆ ನಂಬಿಕೆ, ಪಾರದರ್ಶಕತೆ, ಅನುಭವ ಅಂತ ಮೂರು ವೃತ್ತ. ಆಮೇಲೆ ಕೀಲಿಕೈ ಹಿಡಿದು ನಗುತ್ತಿರುವ ವಿದೇಶಿ ಗಂಡ ಹೆಂಡತಿ. ಹೀಗೇ ಕೆಳಕ್ಕೆ ತಳ್ಳುತ್ತಾ ಹೋದ ಮೇಲೆ ಎಲ್ಲೋ ಒಂದು ಕಡೆ ನಿಮ್ಮ ಹತ್ತಿರ ಇರುವ ಮನೆಗಳು ಸಿಕ್ಕವು. ಒಂದನ್ನು ಒತ್ತಿದರೆ ನಾಲ್ಕು ಫೋಟೋ, ‘ಪ್ರೈಮ್ ಲೊಕೇಶನ್, ಹೂಡಿಕೆಗೆ ಸುವರ್ಣಾವಕಾಶ, ಬೆಲೆಗೆ ಕರೆ ಮಾಡಿ’ ಅನ್ನುವ ಒಂದು ಸಾಲು, ಅಷ್ಟೇ. ಹುಡುಕಾಟದ ಪಟ್ಟಿಯಲ್ಲಿ ಬೇಸ್‌ಮೆಂಟ್, ಗ್ಯಾರೇಜ್, ಸ್ವಿಮ್ಮಿಂಗ್ ಪೂಲ್ ಎಲ್ಲ ಇವೆ, ಖಾತಾ (ಪಾಲಿಕೆಯ ತೆರಿಗೆ ಲೆಕ್ಕದಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆ) ಇಲ್ಲ! ಯಾವುದೋ ದೇಶದ ಟೆಂಪ್ಲೇಟ್ ತಂದು ನಿಮ್ಮ ಬೋರ್ಡು ಹಾಕಿದ್ದಾರೆ, ಇನ್ನೇನಿಲ್ಲ.

ಬೆಂಗಳೂರಿನಲ್ಲಿ ಮನೆ ಹುಡುಕುವವರು ಮೊದಲ ಫೋನ್‌ನಲ್ಲಿ ಏನು ಕೇಳುತ್ತಾರೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಖಾತಾ ಯಾವುದು? ಯಾವ ದಿಕ್ಕು? ಮುಂದಿನ ರಸ್ತೆ ಎಷ್ಟು ಅಡಿ? ಕಾವೇರಿ ನೀರು ಬರುತ್ತಾ, ಬೋರಾ, ಟ್ಯಾಂಕರಾ? ಲೋನ್ ಆಗುತ್ತಾ? ಕಾರು ಒಳಗೆ ನಿಲ್ಲುತ್ತಾ? ರೇಟ್ ಎಷ್ಟು? ಕಮ್ಮಿ ಆಗುತ್ತಾ? ಕೊನೆಯದೊಂದು ಬಿಟ್ಟು ಉಳಿದ ಎಲ್ಲ ಪ್ರಶ್ನೆಗೂ ಉತ್ತರ ನಿಮ್ಮ ಪುಟದಲ್ಲೇ ಇರಬೇಕು. ಆಗ ಫೋನ್ ಮಾಡುವವರು ಇಷ್ಟನ್ನೂ ಓದಿ, ಮನೆಯಲ್ಲಿ ಮಾತಾಡಿಕೊಂಡು, ‘ಭಾನುವಾರ ಬಂದು ನೋಡಬಹುದಾ’ ಅಂತ ಕೇಳುತ್ತಾರೆ. ಬೆಲೆ ಬಚ್ಚಿಟ್ಟರೆ ಬರುವುದು ಬೆಲೆ ಕೇಳುವ ಫೋನೇ, ಅಲ್ವಾ? ಈಗ ನಿಮಗೆ ಆಗುತ್ತಿರುವುದೂ ಅದೇ.

ಹಾಗಾಗಿ ಹೋಮ್ ಪೇಜನ್ನು ಸದ್ಯಕ್ಕೆ ಮರೆತುಬಿಡಿ. ಗೂಗಲ್‌ನಿಂದಲೋ ವಾಟ್ಸ್‌ಆ್ಯಪ್ ಗ್ರೂಪಿನಿಂದಲೋ ಬರುವವರು ನೇರವಾಗಿ ಯಾವುದೋ ಒಂದು ಮನೆಯ ಪುಟಕ್ಕೆ ಬಂದಿಳಿಯುತ್ತಾರೆ, ಹೋಮ್ ಪೇಜ್ ನೋಡುವುದು ನೀವು ಮತ್ತು ನಿಮ್ಮ ನೆಂಟರು. ಪ್ರತಿ ಮನೆಗೂ ಪ್ರತ್ಯೇಕ ಪುಟ, ಪ್ರತ್ಯೇಕ ವಿಳಾಸ, ಒಂದು ಕೋಡ್ ನಂಬರ್ ಇರಲಿ. ಬರಹ ಹೀಗಿರಲಿ, ಇದು ನಾನೇ ಕಟ್ಟಿದ ಮಾದರಿ:

‘ಕೆಂಗೇರಿ ಉಪನಗರ. 30×40, ಪೂರ್ವ ದಿಕ್ಕು, ಮುಂದೆ 30 ಅಡಿ ರಸ್ತೆ. ಕೆಳಗೆ ಎರಡು ಬೆಡ್‌ರೂಮಿನ ಮನೆ, ಮೇಲೆ ಒಂದೊಂದು ಬೆಡ್‌ರೂಮಿನ ಎರಡು ಮನೆ, ಮೇಲಿನ ಎರಡರಲ್ಲೂ ಬಾಡಿಗೆಯವರಿದ್ದಾರೆ. ಎ ಖಾತಾ, ಇ-ಖಾತಾ ಆಗಿದೆ. ಕಾವೇರಿ ನೀರಿದೆ, ಬೋರ್‌ವೆಲ್ ಇಲ್ಲ. ಕಟ್ಟಿ 14 ವರ್ಷ ಆಯಿತು, ಮೇಲಿನ ಬಾತ್‌ರೂಮಿನ ಗೋಡೆಯಲ್ಲಿ ಸ್ವಲ್ಪ ತೇವ ಇದೆ. ಚಿಕ್ಕ ಕಾರು ಒಳಗೆ ನಿಲ್ಲುತ್ತದೆ, ದೊಡ್ಡದಾದರೆ ಗೇಟ್ ಹಾಕಲು ಆಗುವುದಿಲ್ಲ. ಓನರ್ ಹೇಳುತ್ತಿರುವ ಬೆಲೆ 1.65 ಕೋಟಿ, ಕೂತು ಮಾತಾಡಬಹುದು.’

ತೇವ ಇದೆ, ಗೇಟ್ ಹಾಕಲು ಆಗುವುದಿಲ್ಲ ಅಂತೆಲ್ಲ ನಾವೇ ಬರೆಯುವುದಾ ಅಂತ ನಿಮ್ಮ ತಮ್ಮ ಕೇಳಬಹುದು. ಬರೆಯಿರಿ. ಬಂದವರು ಹೇಗೂ ನೋಡುತ್ತಾರೆ, ನೋಡಿ ವಾಪಸ್ ಹೋಗುವವರ ಹಿಂದೆ ನಿಮ್ಮ ಅರ್ಧ ಭಾನುವಾರವೂ ಹೋಗುತ್ತದೆ. ಅದೂ ಅಲ್ಲದೆ ಒಂದು ಕೊರತೆ ಬರೆದಿದ್ದರೆ ಉಳಿದ ಮಾತನ್ನು ಜನ ನಂಬುತ್ತಾರೆ. ಮೇಲೆ ಹಾಕಿರುವ ಆ ಮೂರು ವೃತ್ತ ಈ ಕೆಲಸ ಯಾವತ್ತೂ ಮಾಡುವುದಿಲ್ಲ.

ಬೆಲೆಯನ್ನು ಲಕ್ಷ, ಕೋಟಿ ಲೆಕ್ಕದಲ್ಲೇ ಹಾಕಿ. ಬೆಲೆ ಹಾಕಿರುವ ಕಡೆ ನಿಮ್ಮ ಟೆಂಪ್ಲೇಟು 16,500,000 ಅಂತ ಅಲ್ಪವಿರಾಮ ಹಾಕುತ್ತಿದೆ, ಇದನ್ನು ಓದಿ ಎಷ್ಟು ಅಂತ ಅರ್ಥ ಮಾಡಿಕೊಳ್ಳಲು ನನಗೇ ಒಂದು ನಿಮಿಷ ಬೇಕಾಯಿತು. ಫ್ಲ್ಯಾಟ್ ಆದರೆ ಸೂಪರ್ ಬಿಲ್ಟ್ ಅಪ್ (ಲಿಫ್ಟು, ಮೆಟ್ಟಿಲಿನ ಪಾಲೂ ಸೇರಿದ ಅಳತೆ) ಒಂದನ್ನೇ ಹಾಕಬೇಡಿ, ಕಾರ್ಪೆಟ್ ಏರಿಯಾವನ್ನೂ ಕೊಡಿ. ಕಾರ್ಪೆಟ್ ಅಂದರೆ ಏನು ಅನ್ನುವುದು ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯಲ್ಲೇ ಇದೆ: ಹೊರಗೋಡೆ, ಬಾಲ್ಕನಿ, ಪೈಪು ಹೋಗುವ ಶಾಫ್ಟ್ ಸೇರುವುದಿಲ್ಲ, ಒಳಗಿನ ಅಡ್ಡಗೋಡೆ ಸೇರುತ್ತದೆ. ಒಸಿ (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಅನುಮತಿ ಪತ್ರ) ಇದೆಯಾ ಇಲ್ಲವಾ ಅನ್ನುವುದನ್ನೂ ಬರೆಯಿರಿ.

ಕಾಗದಪತ್ರಕ್ಕೆ ಒಂದು ಚಿಕ್ಕ ಕೋಷ್ಟಕ ಇಡಿ, ಅದೂ ಫೋಟೋ ಮುಗಿದ ತಕ್ಷಣ. ಖಾತಾ ಎ ನಾ (ಎಲ್ಲ ನಿಯಮದಂತೆ ಇರುವ ಆಸ್ತಿ) ಬಿ ನಾ (ಅಪ್ರೂವಲ್‌ನಂಥ ಏನೋ ಕೊರತೆ ಇರುವ ಆಸ್ತಿ), ಇ-ಖಾತಾ ಅಂದರೆ ಆನ್‌ಲೈನ್ ಖಾತಾ ಆಗಿದೆಯಾ, ಲೇಔಟ್ ಅಪ್ರೂವಲ್ ಯಾರದು, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆಯಾ, ಹೊರವಲಯ ನೋಡಿಕೊಳ್ಳುವ ಬಿಎಂಆರ್‌ಡಿಎ ವ್ಯಾಪ್ತಿಯಾ, ಅಪ್ರೂವಲ್ ಇಲ್ಲದೆ ಜಮೀನಿನಲ್ಲೇ ಮಾಡಿದ ರೆವಿನ್ಯೂ ಸೈಟಾ, ಡಿಸಿ ಕನ್ವರ್ಷನ್ (ಕೃಷಿ ಜಮೀನಿನ ಭೂ ಪರಿವರ್ತನೆ) ಇದೆಯಾ, ಇಸಿ (ಋಣಭಾರ ಪತ್ರ) ಎಷ್ಟು ವರ್ಷದ್ದು ತೆಗೆಸಿದ್ದೀರಿ, ಪ್ಲಾನ್ ಸ್ಯಾಂಕ್ಷನ್ ಇದೆಯಾ. ಬಿ ಖಾತಾ ಇದ್ದರೆ ಬಿ ಖಾತಾ ಅಂತಲೇ ಹಾಕಿ. ಅದನ್ನು ತಗೊಳ್ಳುವವರೂ ಇದ್ದಾರೆ, ಆದರೆ ಗೊತ್ತಿದ್ದು ತಗೊಳ್ಳಬೇಕು. ಇ-ಖಾತಾ ಅಂತೂ ಮರೆಯಲೇಬೇಡಿ, 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳ ನೋಂದಣಿಗೆ ಅದು ಬೇಕೇ ಬೇಕು, ಆದ್ದರಿಂದ ಪಾರ್ಟಿಗಳು ಈಗ ಅದನ್ನೇ ಮೊದಲು ಕೇಳುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆ ಬಂದವು. ಜನರ ಬಾಯಲ್ಲಿ ಮಾತ್ರ ಇನ್ನೂ ‘ಬಿಬಿಎಂಪಿ ಖಾತಾ’ನೇ. ಗೂಗಲ್‌ನಲ್ಲಿ ಹುಡುಕುವುದೂ ಹಾಗೇ. ಅದಕ್ಕೇ ಎರಡೂ ಹೆಸರನ್ನು ಪುಟದಲ್ಲಿ ಬಳಸಿ.

ಕೋಷ್ಟಕ ಹಾಕಿ ಅಂದೆ, ಕಾಗದಗಳನ್ನೇ ಹಾಕಿ ಅನ್ನಲಿಲ್ಲ. ಕ್ರಯಪತ್ರ ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸಿಬಿಡುವವರಿದ್ದಾರೆ. ಅದರಲ್ಲಿ ಓನರ್ ಹೆಸರು, ಸಹಿ, ಹೆಬ್ಬೆಟ್ಟು, ಕೆಲವು ಸಲ ಆಧಾರ್ ನಂಬರ್ ಕೂಡ ಇರುತ್ತದೆ. ಒಮ್ಮೆ ಗೂಗಲ್ ಕೈಗೆ ಸಿಕ್ಕಿದರೆ ವಾಪಸ್ ತೆಗೆಸುವುದು ತಲೆನೋವು. ‘ಕಾಗದಗಳು ಆಫೀಸಿನಲ್ಲಿವೆ, ಬಂದು ನೋಡಬಹುದು, ನಿಮ್ಮ ವಕೀಲರಿಗೆ ಜೆರಾಕ್ಸ್ ಕೊಡುತ್ತೇವೆ’ ಅಂದರೆ ಸಾಕು.

ಇನ್ನು ರೇರಾ. ನೀವು ರೀಸೇಲ್ ಜೊತೆಗೆ ಹೊಸ ಲೇಔಟು, ಹೊಸ ಅಪಾರ್ಟ್‌ಮೆಂಟು ಕೂಡ ಹಾಕಿದ್ದೀರಿ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2016ರ ಕಾಯ್ದೆಯ ಪ್ರಕಾರ ಜಾಗ 500 ಚದರ ಮೀಟರ್ ದಾಟಿ, ಜೊತೆಗೆ ಮನೆಗಳೂ 8 ದಾಟಿದರೆ ಪ್ರಾಜೆಕ್ಟ್ ನೋಂದಣಿ ಆಗಲೇಬೇಕು. ಬರೀ ಲೇಔಟ್ ಆದರೆ 500 ಚದರ ಮೀಟರ್ ಲೆಕ್ಕ ಒಂದೇ. ನೋಂದಣಿ ಆಗುವ ಮೊದಲು ಮಾರುವುದು ಒತ್ತಟ್ಟಿಗಿರಲಿ, ಜಾಹೀರಾತು ಕೊಡುವಂತೆಯೇ ಇಲ್ಲ. ವೆಬ್‌ಸೈಟೂ ಜಾಹೀರಾತೇ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಪೋಸ್ಟರೂ ಜಾಹೀರಾತೇ, ಕಾಯ್ದೆಯಲ್ಲಿ ‘ಯಾವುದೇ ಮಾಧ್ಯಮ’ ಅಂತಲೇ ಇದೆ. ಬಿಲ್ಡರ್ ಕೊಡುವ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ರೇರಾ ಪ್ರಾಧಿಕಾರದ ವೆಬ್ ವಿಳಾಸ ಎದ್ದು ಕಾಣಬೇಕು. ನಿಮ್ಮ ಪುಟದಲ್ಲೂ ಅದೇ ಪದ್ಧತಿ ಇಟ್ಟುಕೊಳ್ಳಿ. ಅಂಥ ಪ್ರಾಜೆಕ್ಟಿನ ವ್ಯವಹಾರ ಮಾಡಿಸುವ ನಿಮಗೂ ಏಜೆಂಟ್ ನೋಂದಣಿ ಬೇಕು, ನೋಂದಣಿ ಇಲ್ಲದ ಪ್ರಾಜೆಕ್ಟ್ ಮಾರಿಸುವಂತಿಲ್ಲ. ತಪ್ಪಿದರೆ ಏಜೆಂಟಿಗೆ ದಿನಕ್ಕೆ 10,000 ರೂಪಾಯಿ ದಂಡ, ಅದು ಬೆಳೆಯುತ್ತಾ ಆ ಫ್ಲ್ಯಾಟಿನ ಅಥವಾ ಸೈಟಿನ ಬೆಲೆಯ ಶೇ. 5ರವರೆಗೂ ಹೋಗಬಹುದು. ನಿಮ್ಮ ಏಜೆಂಟ್ ನಂಬರನ್ನು ಪ್ರತಿ ಪುಟದ ಕೆಳಗೂ ಹಾಕಿ. ಪ್ರಾಜೆಕ್ಟ್ ನಂಬರನ್ನು ಮಾತ್ರ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಬಚ್ಚಿಡಬೇಡಿ, ಹೆಸರಿನ ಕೆಳಗೇ ಹಾಕಿ. ‘ಪ್ರೀ ಲಾಂಚ್ ಆಫರ್’ ಅಂತ ನಿಮ್ಮಲ್ಲಿ ಒಂದು ಬ್ಯಾನರ್ ಇದೆಯಲ್ಲ, ಅದಕ್ಕೆ ರೇರಾ ನಂಬರ್ ಇಲ್ಲದಿದ್ದರೆ ಇವತ್ತೇ ತೆಗೆಸಿ. ಬಿಲ್ಡರ್ ಕೊಟ್ಟ ಕಂಪ್ಯೂಟರ್ ಚಿತ್ರಗಳ ಕೆಳಗೆ ‘ಇದು ಕಲ್ಪನೆಯ ಚಿತ್ರ’ ಅಂತ ಬರೆಸಿ.

ಲೊಕೇಶನ್ ವಿಷಯದಲ್ಲಿ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಮ್ಯಾಪಿನಲ್ಲಿ ಪಿನ್ ಹಾಕಿದರೆ ಪಾರ್ಟಿ ನೇರ ಓನರ್ ಹತ್ತಿರ ಹೋಗಿ ಕಮಿಷನ್ ತಪ್ಪಿಸುತ್ತಾರೆ ಅನ್ನುವ ಭಯ. ಭಯ ಸುಳ್ಳೂ ಅಲ್ಲ. ಅದಕ್ಕೇ ಮನೆ ನಂಬರ್ ಬೇಡ, ಮನೆಯ ಮುಂಭಾಗದಲ್ಲಿ ಕಾಣುವ ಬೋರ್ಡೂ ಬೇಡ, ಆದರೆ ‘ಕೆಂಗೇರಿ ಹತ್ತಿರ’ ಅಂತ ತೇಲಿಸಲೂ ಬೇಡಿ. ಬಡಾವಣೆ, ಯಾವ ಬ್ಲಾಕು ಅಥವಾ ಹಂತ, ಹತ್ತಿರದ ಮೆಟ್ರೋ ಸ್ಟೇಷನ್‌ಗೆ ನಡೆದರೆ ಎಷ್ಟು ನಿಮಿಷ, ಇಷ್ಟು ಕೊಡಿ. ನಡೆಯುವ ಸಮಯವನ್ನು ನಿಮ್ಮ ಹುಡುಗ ನಿಜವಾಗಿಯೂ ನಡೆದು ನೋಡಲಿ. ‘ಮೆಜೆಸ್ಟಿಕ್‌ಗೆ 20 ನಿಮಿಷ’ ಅಂತ ನಿಮ್ಮಲ್ಲಿ ಬರೆದಿದೆ, ರಾತ್ರಿ ಎರಡು ಗಂಟೆಗೆ ಹೊರಟರೇನೋ. ಸೋಮವಾರ ಬೆಳಗ್ಗೆ ಮೈಸೂರು ರಸ್ತೆಯಲ್ಲಿ ಆ ಮಾತು ನಡೆಯುವುದಿಲ್ಲ ಅಂತ ಓದುವವರಿಗೂ ಗೊತ್ತು.

ನಿಮ್ಮ ಏರಿಯಾ ಪುಟದಲ್ಲಿ ‘ಶೀಘ್ರದಲ್ಲೇ ಮೆಟ್ರೋ’ ಅಂತಲೂ ಇದೆ! ಕೆಂಗೇರಿಗೆ ಮೆಟ್ರೋ ಬಂದಿದ್ದು 2021ರ ಆಗಸ್ಟ್‌ನಲ್ಲಿ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೂ ಹೋಯಿತು. ಯಾರದೋ ಬರಹ ಹಾಗೇ ಎತ್ತಿ ಹಾಕಿದ್ದಾರೆ ಅಂತ ಕಾಣುತ್ತದೆ. ಇಂಥ ಒಂದು ಸಾಲು ಕಂಡರೆ ಸಾಕು, ಇವರು ಈ ಏರಿಯಾದವರೇ ಅಲ್ಲ ಅನ್ನಿಸಿಬಿಡುತ್ತದೆ. ನಿಮ್ಮ ಬಲ ಇರುವುದೇ ಏರಿಯಾ ಗೊತ್ತಿರುವುದರಲ್ಲಿ. ‘ಬೆಂಗಳೂರಿನಲ್ಲಿ ಫ್ಲ್ಯಾಟ್’ ಅಂತ ಹುಡುಕಿದರೆ ದೊಡ್ಡ ಪೋರ್ಟಲ್‌ಗಳೇ ಮೇಲೆ ಬರುತ್ತವೆ, ಅಲ್ಲಿ ಗುದ್ದಾಡಿ ಪ್ರಯೋಜನವಿಲ್ಲ. ಆದರೆ ಕೆಂಗೇರಿ ಉಪನಗರದ ಯಾವ ಭಾಗಕ್ಕೆ ನೀರು ದಿನ ಬಿಟ್ಟು ದಿನ ಬರುತ್ತದೆ, ಯಾವ ರಸ್ತೆಯಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ, ಯಾವ ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್ ಎಷ್ಟು, ಇದನ್ನೆಲ್ಲ ಪೋರ್ಟಲ್‌ನವರು ಎಲ್ಲಿಂದ ತರುತ್ತಾರೆ? ಏರಿಯಾಕ್ಕೊಂದು ಪುಟ, ನೀವು ಜಾಸ್ತಿ ವ್ಯವಹಾರ ಮಾಡುವ ಅಪಾರ್ಟ್‌ಮೆಂಟಿಗೊಂದು ಪುಟ, ನಿಮ್ಮದೇ ಮಾತಿನಲ್ಲಿ ಬರೆದು ಹಾಕಿ. ಕೆಳಗೆ ಯಾವಾಗ ಬರೆದದ್ದು ಅಂತ ತಿಂಗಳು, ವರ್ಷ ಇರಲಿ.

ಫೋಟೋಗೆ ಬರೋಣ. ಪುಟ ನಿಧಾನವಾಗುವುದಕ್ಕೆ ಮುಖ್ಯ ಕಾರಣವೂ ಅದೇ. ಫೋನ್‌ನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ, ಅದನ್ನು ಹಾಗೇ ಏರಿಸಿದ್ದೀರಿ. ಇಪ್ಪತ್ತು ಫೋಟೋ ಅಂದರೆ ಎಂಬತ್ತು, ನೂರು ಎಂಬಿ. ಬಸ್ಸಿನಲ್ಲಿ ಕೂತು ನೋಡುವವರು ಯಾಕೆ ಕಾಯುತ್ತಾರೆ? ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಫಾರ್ಮ್ಯಾಟ್‌ಗೆ ಬದಲಿಸಿದರೆ ಒಂದೊಂದೂ ಇನ್ನೂರು ಕೆಬಿ ಆಸುಪಾಸಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೆಳಗಿನ ಫೋಟೋಗಳು ಅಲ್ಲಿಗೆ ತಳ್ಳಿದಾಗ ಮಾತ್ರ ಇಳಿಯುವಂತೆ ಮಾಡಿಸಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನವರೇ ಇಟ್ಟಿರುವ ಅಳತೆ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂತ ಅವರದೇ ಉಚಿತ ಪರೀಕ್ಷೆ ಇದೆ, ಅದರಲ್ಲಿ ಮೊಬೈಲ್ ಅಂಕ ನೋಡಿ, ಡೆಸ್ಕ್‌ಟಾಪ್ ಅಂಕ ತೋರಿಸಿ ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಆ ಡ್ರೋನ್ ವಿಡಿಯೋ ತೆಗೆದುಬಿಡಿ. ವಿಡಿಯೋ ಬೇಕೆಂದರೆ ಮುಖ್ಯರಸ್ತೆಯಿಂದ ಶುರುಮಾಡಿ ಮನೆಯ ಗೇಟಿನವರೆಗೆ ಬೈಕಿನಲ್ಲಿ ಕೂತು ಒಂದು ತೆಗೆಯಿರಿ, ಯೂಟ್ಯೂಬಿಗೆ ಹಾಕಿ ಲಿಂಕ್ ಕೊಡಿ. ಆದರೆ ಅದನ್ನು ಗಟ್ಟಿ ಪಾರ್ಟಿ ಅನ್ನಿಸಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಕಳಿಸಿ, ಕಾರಣ ಮೇಲೆ ಹೇಳಿದ ಪಿನ್ ಕಥೆಯೇ. ಫೋಟೋ ಬೆಳಗ್ಗೆ ತೆಗೆಯಿರಿ, ಕಿಟಕಿ ತೆರೆದು, ಒಗೆದ ಬಟ್ಟೆ ಎತ್ತಿಟ್ಟು. ಕಿಚನ್ ಸಿಂಕು, ಬಾತ್‌ರೂಮು, ಮುಂದಿನ ರಸ್ತೆ ಇವು ಬಿಟ್ಟುಹೋಗಬಾರದು. ಎಲ್ಲರೂ ಹಾಲ್ ಮಾತ್ರ ತೆಗೆಯುತ್ತಾರೆ.

ಕನ್ನಡದ ವಿಷಯ. ನಿಮ್ಮ ಕನ್ನಡ ಪುಟದಲ್ಲಿ ಶೀರ್ಷಿಕೆಗಳೆಲ್ಲ ಚಿತ್ರಗಳು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಚಿತ್ರ ಮಾಡಿ ಅಂಟಿಸಿರಬೇಕು, ಯಾಕೆಂದರೆ ಆ ಆಸ್ಕಿ ಬರಹವನ್ನು ಹಾಗೇ ವೆಬ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರದ ಗೋಜಲು ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕುವವರಿಗೆ ಈ ಶೀರ್ಷಿಕೆ ಸಿಗುವುದು ಕಷ್ಟ. ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿ, ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಹಾಕಿಸಿ. ಇನ್ನೊಂದು ಸಣ್ಣ ವಿಷಯ, ಯಾರೂ ಗಮನಿಸುವುದಿಲ್ಲ: ನಿಮ್ಮ ಬಟನ್‌ಗಳಲ್ಲಿ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತಿದೆ. ‘ದಿಕ್ಕು’ ಅನ್ನುವುದು ‘ದಿಕು’ ಥರ ಕಾಣುತ್ತದೆ. ಟೆಂಪ್ಲೇಟಿನಲ್ಲಿ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿ ಇಟ್ಟಿರುತ್ತಾರೆ, ನಮ್ಮ ಅಕ್ಷರಕ್ಕೆ ಕೆಳಗೆ ಜಾಗ ಬೇಕು. ಸಾಲಿನ ಎತ್ತರ ಅಕ್ಷರದ ಒಂದೂ ಮುಕ್ಕಾಲು ಪಟ್ಟು ಮಾಡಿ ಅಂದರೆ ಡಿಸೈನರ್‌ಗೆ ಅರ್ಥವಾಗುತ್ತದೆ.

ಆದರೆ ಕನ್ನಡ ಯಾರಿಗಾಗಿ ಅಂತ ಯೋಚಿಸಿ. ಕೊಳ್ಳುವವರಲ್ಲಿ ಹೊರಗಿನಿಂದ ಬಂದವರೂ ಇರುತ್ತಾರೆ, ಅವರಿಗೆ ಇಂಗ್ಲಿಷ್ ಪುಟ ಬೇಕೇ ಬೇಕು. ಮಾರುವವರು, ಬಾಡಿಗೆಗೆ ಕೊಡುವವರು ಮಾತ್ರ ಹೆಚ್ಚಾಗಿ ನಿಮ್ಮ ಊರಿನವರೇ: ನಿವೃತ್ತ ಮೇಷ್ಟ್ರು, ಜಮೀನು ಲೇಔಟ್ ಮಾಡಿದ ಗೌಡರು, ಮಗ ಅಮೆರಿಕಾದಲ್ಲಿರುವ ಅಮ್ಮ. ನಿಮ್ಮಂಥ ಚಿಕ್ಕ ಆಫೀಸಿಗೆ ಕೊಳ್ಳುವವರಿಗಿಂತ ಒಳ್ಳೆ ಆಸ್ತಿ ಸಿಗುವುದೇ ಕಷ್ಟ, ಹೌದೋ ಅಲ್ಲವೋ? ಹಾಗಿದ್ದ ಮೇಲೆ ‘ನಿಮ್ಮ ಮನೆ ಮಾರಬೇಕಾ, ಬಾಡಿಗೆಗೆ ಕೊಡಬೇಕಾ’ ಅನ್ನುವ ಕನ್ನಡ ಪುಟ ಇಡೀ ವೆಬ್‌ಸೈಟಿನಲ್ಲೇ ಚೆನ್ನಾಗಿರಬೇಕು. ನಿಮ್ಮಲ್ಲಿ ಅದು ಇಲ್ಲವೇ ಇಲ್ಲ. ಕಮಿಷನ್ ಶೇ. 1 ಆದರೆ ಶೇ. 1 ಅಂತಲೇ ಬರೆಯಿರಿ. ಯಾವ ಕಾಗದ ತರಬೇಕು, ಮೂಲಪತ್ರ, ಇಸಿ, ಖಾತಾ, ಕಂದಾಯ ಕಟ್ಟಿದ ರಸೀದಿ, ಪ್ಲಾನು, ಯಾವುದು ಇಲ್ಲದಿದ್ದರೆ ನೀವು ಹೇಗೆ ಸಹಾಯ ಮಾಡುತ್ತೀರಿ, ಕೀಲಿಕೈ ಯಾರ ಹತ್ತಿರ ಇರುತ್ತದೆ, ಮನೆ ತೋರಿಸಲು ಬರುವ ಮೊದಲು ಫೋನ್ ಮಾಡುತ್ತೀರಾ, ಇಷ್ಟು ಬರೆದರೆ ಆ ಅಮ್ಮನಿಗೆ ಧೈರ್ಯ ಬರುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಬಾಡಿಗೆಗೆ ಇಂಥ ಜಾತಿಯವರೇ ಬೇಕು ಅಂತ ಓನರ್ ಹೇಳಿದರೂ ನಿಮ್ಮ ಪುಟದಲ್ಲಿ ಅದನ್ನು ಅಚ್ಚು ಹಾಕಬೇಡಿ.

ಫೋನ್ ನಂಬರ್ ಬ್ಯಾನರ್ ಚಿತ್ರದೊಳಗೆ ಇದೆ, ಒತ್ತಿದರೆ ಕರೆ ಹೋಗುವುದಿಲ್ಲ. ಪುಟದ ಕೆಳಗೆ ಯಾವಾಗಲೂ ಎರಡು ಬಟನ್ ನಿಂತಿರಲಿ, ಕರೆ ಮತ್ತು ವಾಟ್ಸ್‌ಆ್ಯಪ್. ವಾಟ್ಸ್‌ಆ್ಯಪ್ ಲಿಂಕಿನಲ್ಲಿ ಸಂದೇಶವನ್ನು ಮೊದಲೇ ತುಂಬಿಡಬಹುದು: ‘ಕೆ-17 ಮನೆ ಬಗ್ಗೆ ಕೇಳಬೇಕಿತ್ತು’ ಅಂತ ಬಂದರೆ ಯಾವ ಮನೆ ಅಂತ ನೀವು ಕೇಳುವ ಕಷ್ಟವೇ ಇಲ್ಲ. ಪುಟ ತೆರೆದು ಐದು ಸೆಕೆಂಡಿಗೆ ಎಗರಿ ಬಂದು ನಂಬರ್ ಕೇಳುವ ಆ ಪೆಟ್ಟಿಗೆ ತೆಗೆಸಿ. ಒಂದು ಕಡೆ ನಂಬರ್ ಕೊಟ್ಟು ಹತ್ತು ಕಡೆಯಿಂದ ಫೋನ್ ಬಂದು ಜನ ಬೇಸತ್ತಿದ್ದಾರೆ. ಫಾರ್ಮ್ ಇದ್ದರೆ ಹೆಸರು, ಫೋನ್ ಎರಡೇ ಸಾಕು, ಪಕ್ಕದಲ್ಲಿ ‘ನಿಮ್ಮ ನಂಬರ್ ಬೇರೆ ಯಾರಿಗೂ ಕೊಡುವುದಿಲ್ಲ’ ಅಂತ ಬರೆದು, ನಿಜವಾಗಿಯೂ ಕೊಡದೇ ಇರಿ. 2023ರಲ್ಲಿ ಬಂದ ವೈಯಕ್ತಿಕ ಡೇಟಾ ಕಾಯ್ದೆಯ ಮುಖ್ಯ ವಿಷಯವೇ ಒಪ್ಪಿಗೆ.

ಮಾರಾಟವಾದ ಮನೆಯನ್ನು ಫೋನ್ ಬರಲಿ ಅಂತ ಹಾಗೇ ಬಿಟ್ಟಿರಬೇಡಿ, ಪುಟವನ್ನು ಅಳಿಸಲೂ ಬೇಡಿ. ‘ಮಾರಾಟವಾಯಿತು’ ಅಂತ ಹಾಕಿ, ಕೆಳಗೆ ಅದೇ ಏರಿಯಾದ ಬೇರೆ ಮನೆಗಳನ್ನು ತೋರಿಸಿ. ಗೂಗಲ್‌ನಿಂದ ಆ ಪುಟಕ್ಕೆ ಬರುವವರು ಬರುತ್ತಲೇ ಇರುತ್ತಾರೆ.

ಇಷ್ಟೆಲ್ಲ ನಡೆಯಬೇಕಾದರೆ ನಿಮ್ಮ ಹುಡುಗ ಮನೆ ಎದುರು ನಿಂತು ಫೋನಿನಿಂದಲೇ ಹೊಸ ಪುಟ ಹಾಕಲು ಬರುವಂತಿರಬೇಕು. ವೆಬ್‌ಸೈಟ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಇದು ಆರಾಮಾಗಿ ಆಗುತ್ತದೆ. ಪ್ರತಿ ಬದಲಾವಣೆಗೂ ಮಾಡಿಕೊಟ್ಟವರಿಗೆ ಫೋನ್ ಮಾಡಿ ದುಡ್ಡು ಕೊಡುವ ಹಾಗಿದ್ದರೆ ಎರಡು ತಿಂಗಳಿಗೆ ಯಾರೂ ಮುಟ್ಟುವುದಿಲ್ಲ. ಆ್ಯಪ್ ಬೇಡ ಅಂದದ್ದೂ ಇದಕ್ಕೇ: ಮನೆ ಒಮ್ಮೆ ಕೊಳ್ಳುವವರು ನಿಮ್ಮ ಒಂದು ಆಫೀಸಿಗೋಸ್ಕರ ಆ್ಯಪ್ ಇಳಿಸಿಕೊಳ್ಳುವುದಿಲ್ಲ, ನೀವು ಮಾತ್ರ ವರ್ಷ ವರ್ಷ ಅದನ್ನು ಸಾಕಬೇಕು. ಚಾಟ್‌ಬಾಟು ಪುಟದಲ್ಲಿ ಇರುವುದನ್ನೇ ತಾನೇ ಹೇಳಬೇಕು? ಪುಟದಲ್ಲಿ ಏನೂ ಇಲ್ಲ. ಖಾತಾ ಬಗ್ಗೆ ಅದು ಊಹಿಸಿ ಏನಾದರೂ ಹೇಳಿಬಿಟ್ಟರೆ ಜವಾಬು ಕೊಡಬೇಕಾದವರು ನೀವು. ಆ ದುಡ್ಡಿನಲ್ಲಿ ಎಲ್ಲ ಮನೆಯ ಫೋಟೋ ಮತ್ತೆ ತೆಗೆಸಿ.

ಇದನ್ನೆಲ್ಲ ಶುರುಮಾಡುವ ಮೊದಲು ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲಿ ಇರಬೇಕು, ಹೋಸ್ಟಿಂಗ್ (ವೆಬ್‌ಸೈಟ್ ಇಟ್ಟಿರುವ ಸರ್ವರ್) ಪಾಸ್‌ವರ್ಡ್ ನಿಮ್ಮ ಹತ್ತಿರ ಇರಬೇಕು, ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಅಷ್ಟೇ. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ಆ್ಯಪ್ ಬೇಡ ಅಂತ ಹೇಳುವ ಮೊದಲೇ, ಸ್ನೇಹದಿಂದ ಇರುವಾಗಲೇ, ವರ್ಗಾಯಿಸಿಕೊಳ್ಳಿ.